ತಲೆ ತಗ್ಗಿಸಿ ನಿಂತವನು

ತಲೆ ತಗ್ಗಿಸಿದ ಮೇಲೆ ಲಿಂಡ್ಸೆ ಬೊಲಿಥೊನ ಪಾಲಿಗೆ ಊರು ಮೊಣಕಾಲಿನಿಂದ ಕೆಳಗಷ್ಟೇ ಉಳಿಯಿತು. ಯುದ್ಧಸ್ಮಾರಕದ ನಾಲ್ಕು ಮೂಲೆಗೆ ನಾಲ್ವರು ಸಿಪಾಯಿಗಳು; ಬಂದೂಕನ್ನು ತಲೆಕೆಳಗು ಮಾಡಿ, ನಳಿಗೆಯ ತುದಿಯನ್ನು ಬೂಟಿನ ಮೇಲೆ ಊರಿ, ಹಿಡಿಯ ಮೇಲೆ ಎರಡೂ ಕೈ ಇಟ್ಟು, ಗಲ್ಲ ಎದೆಗೆ ತಾಗುವಂತೆ ಬಾಗಿ, ಕಾರ್ಯಕ್ರಮ ಮುಗಿಯುವ ತನಕ ಅಲುಗಾಡದೆ ನಿಲ್ಲಬೇಕು. ಪ್ರತಿ ಏಪ್ರಿಲ್‌ನಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆಂಜಾಕ್ ದಿನದಂದು ಸತ್ತವರಿಗೆ ಊರು ಕೊಡುವ ಕಾವಲು ಅದು. ಸತ್ತವರು ಎಲ್ಲಿಗೂ ಓಡಿಹೋಗುವವರಲ್ಲ, ಕಾವಲು ಯಾಕೆ ಬೇಕು ಎಂದು ಚಿಕ್ಕಂದಿನಲ್ಲಿ ಕೇಳಿ ಅವನು ಅಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದ. ಈಗ ಅದೇ ತಲೆಯನ್ನು ಬಾಗಿಸಿ ನಿಂತಿದ್ದಾನೆ, ಮೂಗಿನ ತುದಿಯಲ್ಲಿ ನೊಣ ಕೂತಿದೆ, ಓಡಿಸುವಂತಿಲ್ಲ. ಇಡೀ ಊರಿನಲ್ಲಿ ತಲೆ ತಗ್ಗಿಸುವ ಕೆಲಸಕ್ಕೆ ತನಗಿಂತ ಯೋಗ್ಯ ಇನ್ನೊಬ್ಬ ಸಿಗಲಾರ ಎಂದುಕೊಂಡ. ಹಾಗೆ ಅಂದುಕೊಂಡದ್ದರಲ್ಲಿ ಒಂದಿಷ್ಟು ಹೆಮ್ಮೆಯೂ ಸೇರಿಕೊಂಡಿದೆ ಅನ್ನಿಸಿ, ಅದಕ್ಕೂ ನಾಚಿಕೆಪಟ್ಟ.

ಕಾಣುತ್ತಿದ್ದದ್ದು ಬರೀ ಶೂಗಳು. ಅದೇನೂ ಅವನಿಗೆ ತೊಂದರೆಯಲ್ಲ. ಚಿಕ್ಕಪ್ಪನ ಶೂ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಊರಿನವರ ಮುಖಕ್ಕಿಂತ ಪಾದದ ಪರಿಚಯವೇ ಹೆಚ್ಚು. ಮುಂದಿನ ಸಾಲಿನಲ್ಲಿ ಎರಡು ಸಲ ಅಟ್ಟೆ ಬದಲಿಸಿದ ಕರೀ ಶೂ, ಅದು ಮೆಥಡಿಸ್ಟ್ ಪಾದ್ರಿಯದು. ಆತ ಪ್ರತಿ ಸಲವೂ ಹೊಸದು ನೋಡಿ, ನಿಟ್ಟುಸಿರು ಬಿಟ್ಟು, ಹಳೆಯದನ್ನೇ ರಿಪೇರಿಗೆ ಕೊಡುತ್ತಾನೆ. ಪಕ್ಕದಲ್ಲಿ ಬ್ಯಾಂಕ್ ಮ್ಯಾನೇಜರನ ಹೆಂಡತಿಯ ಚೂಪು ಮೂತಿಯ ಹಿಮ್ಮಡಿ ಶೂ. ನಿಮ್ಮ ಪಾದ ಇದಕ್ಕೆ ಹಿಡಿಸುವುದಿಲ್ಲ ಎಂದರೂ ಕೇಳದೆ ಕೊಂಡವಳು, ಈಗ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತ ಒದ್ದಾಡುತ್ತಿದ್ದಳು. ಅವರಾಚೆ ಕಂದು ಬಣ್ಣದ, ಲೇಸು ಕಟ್ಟಿದ, ಹಬ್ಬಕ್ಕೆಂದು ಪಾಲಿಶ್ ಮಾಡಿದ ಅಗಲವಾದ ಶೂ: ಐವಿ ಆಂಟಿ. ಚಿಕ್ಕಂದಿನ ಗೆಳೆಯ ರೆಕ್ಸ್ ಟ್ರೆವಿನ್‌ನ ತಾಯಿ. ಅವಳ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ಬರೀ ಕೆಂಪು ಜಲ್ಲಿ, ಸತ್ತವರ ನೆನಪಿಗೆಂದು ಸಿಕ್ಕಿಸಿಕೊಂಡು ಯಾರದೋ ಎದೆಯಿಂದ ಉದುರಿದ ರೋಸ್ಮರಿಯ ಒಂದು ಕಡ್ಡಿ. ರೆಕ್ಸ್ ಬಂದಿಲ್ಲ. ಲಿಂಡ್ಸೆಗೆ ಒಂದು ಕ್ಷಣ ನಿರಾಳವಾಯಿತು, ಮರುಕ್ಷಣವೇ ಕಣ್ಣು ಮತ್ತೆ ಆ ಖಾಲಿ ಜಾಗಕ್ಕೇ ಹೋಯಿತು.

ಬೆಳಿಗ್ಗೆ ಮೆರವಣಿಗೆಯಲ್ಲಿ ಜನ ಚಪ್ಪಾಳೆ ಹೊಡೆದಿದ್ದರು. ಹಳೇ ಯುದ್ಧದ ಮುದುಕರಿಗೆ ಹೊಡೆದರು, ಅದು ಸರಿ. ಅವರ ಹಿಂದೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಅಗಲ ಅಂಚಿನ ಟೋಪಿಯನ್ನು ಒಂದು ಬದಿ ಮಡಚಿ ನಡೆದ ಲಿಂಡ್ಸೆಗೂ ಅವನ ಅರೆಕಾಲಿಕ ದಂಡಿಗೂ ಹೊಡೆದರು. ಕಟುಕನ ಅಂಗಡಿಯ ಮುಂದೆ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಅಮ್ಮಾ, ನಾನು ಯುದ್ಧ ತಪ್ಪಿಸಿಕೊಳ್ಳೋಕೆ ಈ ಬಟ್ಟೆ ಹಾಕಿಕೊಂಡವನು, ನಿಜವಾಗಿ ಹೋಗಿಬಂದವನು ಮನೆಯಲ್ಲಿ ಕೂತು ರೇಡಿಯೋದಲ್ಲಿ ಕುದುರೆ ರೇಸು ಕೇಳುತ್ತಿರಬಹುದು ಎಂದು ಅವಳ ಹತ್ತಿರ ನಿಂತು ಹೇಳುವ ಹಾಗಿತ್ತೆ? ಎಡ, ಬಲ, ಎಡ, ಬಲ ಎಂದು ಸಾರ್ಜೆಂಟ್ ಪೆಂಗಲಿ ಕೂಗುತ್ತಿದ್ದ. ವಾರದ ದಿನಗಳಲ್ಲಿ ಆತ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಹುಡುಗರನ್ನೂ ಹಲಗೆಯನ್ನೂ ಒಂದೇ ದನಿಯಲ್ಲಿ ನೆಟ್ಟಗಾಗಿಸುತ್ತಿದ್ದ.

ಉಪಾಯ ಹೇಳಿಕೊಟ್ಟವನು ಹೆಡ್ಲಿ ಚಿಕ್ಕಪ್ಪ. ನಾಲ್ಕು ವರ್ಷದ ಹಿಂದೆ, ಒಂದು ಸಂಜೆ ಅಂಗಡಿ ಮುಚ್ಚುವಾಗ. ಇಪ್ಪತ್ತು ತುಂಬುವ ಹುಡುಗರೆಲ್ಲ ಸರ್ಕಾರಕ್ಕೆ ಹೆಸರು ಕೊಡಬೇಕು, ಹುಟ್ಟಿದ ತಾರೀಖುಗಳನ್ನು ಗೋಲಿಗಳ ಮೇಲೆ ಬರೆದು ಪೀಪಾಯಿಗೆ ಹಾಕಿ ತಿರುಗಿಸಿ ಎತ್ತುತ್ತಾರೆ, ಯಾರ ತಾರೀಖು ಬಂತೋ ಅವರು ಎರಡು ವರ್ಷ ಸೈನ್ಯದಲ್ಲಿ, ಅಂದರೆ ಹೆಚ್ಚುಕಡಿಮೆ ವಿಯೆಟ್ನಾಂನಲ್ಲಿ. ಲಾಟರಿಯಲ್ಲಿ ಗೆದ್ದವನು ಅಳುವ ಆಟ ಅದೊಂದೇ. ಅಂಗಡಿಯ ಬಾಗಿಲು ಹಾಕಿ, ಹೆಡ್ಲಿ ಚಿಕ್ಕಪ್ಪ ಶೂ ಡಬ್ಬಗಳ ನಡುವೆ ಸ್ಟೂಲಿನ ಮೇಲೆ ಕೂತು, ಯಾರೋ ಕೇಳಿಸಿಕೊಳ್ಳುತ್ತಾರೆ ಎನ್ನುವಂತೆ ದನಿ ತಗ್ಗಿಸಿದ.

"ಯುದ್ಧಕ್ಕೆ ಹೋಗಬಾರದು ಅಂದ್ರೆ ಬೇಗ ಸೈನ್ಯಕ್ಕೆ ಸೇರ್ಕೊಂಡ್ಬಿಡಪ್ಪ. ನಮ್ಮೂರಿನ ಅರೆಕಾಲಿಕ ದಂಡಿಗೆ. ಮಂಗಳವಾರ ಸಂಜೆ ಕವಾಯತು, ವರ್ಷಕ್ಕೊಂದ್ಸಲ ಶಿಬಿರ. ಆರು ವರ್ಷ ಅಷ್ಟೇ. ಗೋಲಿ ಎತ್ತೋಕ್ಕೆ ಮುಂಚೆ ಸೇರಿದವರನ್ನ ಪೀಪಾಯಿಯಿಂದ ಬಿಟ್ಬಿಡ್ತಾರೆ. ಟ್ರೆವಿನ್ ಹುಡುಗನಿಗೂ ಹೇಳು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಹೇಡಿತನ ಎನ್ನಬಹುದಿತ್ತು. ಆದರೆ ಹೆಡ್ಲಿ ಚಿಕ್ಕಪ್ಪ ಹಳೇ ಯುದ್ಧದಲ್ಲಿ ಮರಳುಗಾಡಿನಲ್ಲಿದ್ದವನು. ಅಲ್ಲಿನ ಬಗ್ಗೆ ಒಂದು ಮಾತೂ ಆಡಿದವನಲ್ಲ. ಆದರೆ ವಾಪಸು ಬಂದ ಮೇಲೆ ಬಹಳ ಕಾಲ ಶೂ ಕಳಚದೆ ಮಲಗುತ್ತಿದ್ದನೆಂದು ಚಿಕ್ಕಮ್ಮ ಹೇಳುತ್ತಿದ್ದಳು. ಬಿಳೀ ಹೊದಿಕೆಯನ್ನೆಲ್ಲ ಕೆಡಿಸಿದ ಎಂದು ಅವಳ ದೂರು. ಅಂಥವನೇ ಹೇಳಿದ ಮೇಲೆ ಲಿಂಡ್ಸೆಗೆ ಯೋಚಿಸುವ ಕಷ್ಟವೂ ತಪ್ಪಿತು. ಯುದ್ಧ ತಪ್ಪು ಎಂದು ಅವನಿಗೂ ಅನ್ನಿಸಿತ್ತು. ಆದರೆ ಅರ್ಜಿ ತುಂಬಿ ಕೊಟ್ಟ ಮೇಲೆ ಅನ್ನಿಸಿತ್ತು. ಪಟ್ಟಣದಲ್ಲಿ ಕೆಲವರು ಹೋಗುವುದಿಲ್ಲ ಎಂದು ನ್ಯಾಯಾಧೀಶನ ಮುಖಕ್ಕೇ ಹೇಳಿ ಜೈಲಿಗೆ ಹೋಗುತ್ತಿದ್ದರು. ಅವರ ಫೋಟೋಗಳನ್ನು ಅವನು ಪತ್ರಿಕೆಯಲ್ಲಿ ನೋಡುತ್ತಿದ್ದ. ಉದ್ದ ಕೂದಲಿನ, ನಿದ್ದೆಗೆಟ್ಟ, ಮೊಂಡು ಮುಖಗಳು. ಅವರ ಮೇಲೆ ಗೌರವ ಉಕ್ಕುತ್ತಿತ್ತು. ಆ ಪತ್ರಿಕೆಯನ್ನು ಸಾರ್ಜೆಂಟ್ ಪೆಂಗಲಿಯ ಕಣ್ಣಿಗೆ ಬೀಳದಂತೆ ನಾಲ್ಕು ಮಡಿಕೆ ಮಾಡಿ ಬೂಟಿನ ಒಳಗೆ ಹಾಸುತ್ತಿದ್ದ; ಮಂಗಳವಾರದ ಕವಾಯತಿಗೆ ಒಳ್ಳೆಯ ಮೆತ್ತೆಯಾಗುತ್ತಿತ್ತು.

ನೊಣ ಮೂಗಿನಿಂದ ತುಟಿಗೆ ಇಳಿಯಿತು. ಎಲ್ಲೋ ಧ್ವನಿವರ್ಧಕ ಕೀರಲಿಟ್ಟಿತು, ಪಾದ್ರಿಯ ಪ್ರಾರ್ಥನೆ ಶುರುವಾಯಿತು. ಸಮುದ್ರದ ಕಡೆಯಿಂದ ಬೀಸಿದ ಗಾಳಿಗೆ ಪಾಚಿಯ ವಾಸನೆ. ಆವತ್ತೂ ಇದೇ ವಾಸನೆಯಿತ್ತು. ಇಳಿತದ ಹೊತ್ತು, ಮೊಣಕಾಲು ಮುಳುಗುವಷ್ಟು ನೀರು, ಅವನೂ ರೆಕ್ಸೂ ಕುಂಟೆಯಂಥ ಉದ್ದ ಹಲ್ಲಿನ ಸಲಾಕೆ ಹಿಡಿದು ನೀಲಿ ಏಡಿಗಳನ್ನು ಕೆದಕುತ್ತಿದ್ದರು. ಸೊಂಟಕ್ಕೆ ಹಗ್ಗದಿಂದ ಕಟ್ಟಿದ ತಗಡಿನ ತೊಟ್ಟಿ ಹಿಂದೆ ಹಿಂದೆ ತೇಲಿಬರುತ್ತಿತ್ತು. ಚಿಕ್ಕಪ್ಪನ ಉಪಾಯವನ್ನು ಇವತ್ತು ಹೇಳುತ್ತೇನೆ, ಈ ಏಡಿ ಹಿಡಿದ ಮೇಲೆ ಹೇಳುತ್ತೇನೆ ಎಂದು ಲಿಂಡ್ಸೆ ಒಂದೊಂದೇ ಏಡಿಗೆ ಮುಂದೂಡುತ್ತಿದ್ದ. ಅಷ್ಟರಲ್ಲಿ ರೆಕ್ಸ್ ಒಂದು ದೊಡ್ಡ ಏಡಿಯನ್ನು ಹಿಂದಿನಿಂದ ಹಿಡಿದು, ಅದರ ಕೊಂಡಿ ಕುಣಿಸುತ್ತ, "ನಮ್ಮ ಜೊತೆ ಓದಿದ ಗೇವಿನ್‌ಗೆ ಮುಂದಿನ ವಾರ ಮದುವೆಯಂತೆ ಕಣೋ. ಮದುವೆಯಾದವ್ರನ್ನ ಯುದ್ಧಕ್ಕೆ ಕರೆಯಲ್ಲವಲ್ಲ. ಹುಡುಗಿ ಹೆಸರಾದ್ರೂ ಕೇಳ್ಕೊಂಡಿದಾನೋ ಇಲ್ವೋ" ಎಂದು ನಕ್ಕ. ನಕ್ಕು, ಯಾಕೋ ಲಿಂಡ್ಸೆಯ ಮುಖವನ್ನೇ ನೋಡುತ್ತ ನಿಂತ. ಲಿಂಡ್ಸೆಯ ಬಾಯಿಗೆ ಬೀಗ ಬಿತ್ತು. ಗೇವಿನ್ನನ್ನೇ ಹೀಗೆ ಆಡಿಕೊಳ್ಳುವವನು ತನ್ನನ್ನು ಬಿಟ್ಟಾನೆಯೇ? ತೊಟ್ಟಿಯೊಳಗಿನ ಏಡಿಗಳನ್ನು ನೋಡುತ್ತ ಸುಮ್ಮನೆ ನಿಂತ. ಒಂದು ಮಾತು. ಅಷ್ಟು ಹೇಳಲು ಎರಡು ಉಸಿರು ಸಾಕಿತ್ತು. ಗೆಳೆಯ ನಗುತ್ತಾನೆಂಬ ಹೆದರಿಕೆಗೆ ಗೆಳೆಯನ ಜೀವವನ್ನೇ ಪೀಪಾಯಿಗೆ ಬಿಟ್ಟ.

ಗೋಲಿ ಎತ್ತಿದರು. ರೆಕ್ಸ್‌ನ ತಾರೀಖು ಬಂತು. ಊರಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಕುಣಿತ ಇಟ್ಟುಕೊಂಡರು, ಕೈಗಡಿಯಾರ ಕೊಟ್ಟರು. ಬಾಗಿಲಲ್ಲಿ ಗೌರವ ಕೊಡಲು ಅರೆಕಾಲಿಕ ದಂಡಿನ ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದರು, ಅವರಲ್ಲಿ ಲಿಂಡ್ಸೆಯೂ ಒಬ್ಬ. ಮಾಮೂಲಿ ಕೋಟು ತೊಟ್ಟು ಯುದ್ಧಕ್ಕೆ ಹೊರಟವನಿಗೆ, ಸಮವಸ್ತ್ರ ತೊಟ್ಟು ಊರಲ್ಲೇ ಉಳಿಯುವವರ ವಂದನೆ. ರೆಕ್ಸ್ ಒಬ್ಬೊಬ್ಬರ ಮುಖ ನೋಡುತ್ತ ಬಂದು ಲಿಂಡ್ಸೆಯ ಎದುರು ನಿಂತ. ಈಗ ಅನ್ನುತ್ತಾನೆ, ಎಲ್ಲರ ಮುಂದೆ ಅನ್ನುತ್ತಾನೆ ಎಂದು ಲಿಂಡ್ಸೆ ಬಂದೂಕನ್ನು ಬಿಗಿಹಿಡಿದ. ರೆಕ್ಸ್ ಬಗ್ಗಿ, "ಪ್ಯಾಂಟಿನ ಗುಂಡಿ ಬಿಚ್ಕೊಂಡಿದೆ ಕಣೋ" ಎಂದು ಕಿವಿಯಲ್ಲಿ ಹೇಳಿ ಕುಣಿಯಲು ಒಳಗೆ ಹೋದ. ಎರಡೂ ಕೈಯಲ್ಲಿ ಬಂದೂಕು ಹಿಡಿದಿದ್ದ ಲಿಂಡ್ಸೆ ಆ ಗುಂಡಿ ಹಾಕಿಕೊಳ್ಳಲಾಗದೆ ಕೊನೆಯವರೆಗೂ ಹಾಗೇ ನಿಂತಿದ್ದ.

ಆಮೇಲೆ ನೆಲಬಾಂಬು, ಅದರಲ್ಲಿ ಹೋದ ಎಡಪಾದದ ಮುಂಭಾಗ, ಪಟ್ಟಣದ ಆಸ್ಪತ್ರೆ. ಲಿಂಡ್ಸೆ ಒಮ್ಮೆ ದ್ರಾಕ್ಷಿ ತೆಗೆದುಕೊಂಡು ಬಸ್ಸು ಹತ್ತಿ ಹೋಗಿದ್ದ. ವಾರ್ಡಿನ ಬಾಗಿಲವರೆಗೂ ಹೋಗಿದ್ದ. ಒಳಗಿನಿಂದ ರೆಕ್ಸ್ ನಗುವುದು ಕೇಳಿಸಿತು. ನರಳಿದ್ದರೆ ಒಳಗೆ ಹೋಗುತ್ತಿದ್ದನೇನೋ. ನಗು ಕೇಳಿ, ದ್ರಾಕ್ಷಿಯನ್ನು ದಾದಿಯ ಕೈಗೆ ಕೊಟ್ಟು, ಹೆಸರೂ ಹೇಳದೆ, ಬಸ್ಸಿನಲ್ಲಿ ವಾಪಸು ಬಂದ. ರೆಕ್ಸ್ ಊರಿಗೆ ಮರಳಿದ ಮೇಲೆ ಎರಡು ಸಲ ಅಂಗಡಿಗೆ ಬಂದಿದ್ದ. ಎರಡೂ ಸಲ ಲಿಂಡ್ಸೆಗೆ ಹಿಂದಿನ ಉಗ್ರಾಣದಲ್ಲಿ ಮಕ್ಕಳ ಚಪ್ಪಲಿ ಹುಡುಕುವ ತುರ್ತು ಕೆಲಸ ಬಂತು. ಬೂಟುಪಾಲಿಶ್ ವಾಸನೆಯ ಆ ಕತ್ತಲಲ್ಲಿ ಡಬ್ಬ ಎಣಿಸುತ್ತ, ಹೊರಗೆ ಕೋಲು ಊರುವ ಸದ್ದು ನಿಲ್ಲುವುದನ್ನು ಕಾದ. ಐವಿ ಆಂಟಿಯದು ಇನ್ನೊಂದು ಹಿಂಸೆ. ಅವಳು ಶನಿವಾರ ಶನಿವಾರ ಪ್ಯಾಸ್ಟಿ ಮಾಡುವವಳು. ಮಾಂಸ, ಆಲೂಗಡ್ಡೆ, ಮೂಲಂಗಿಯಂಥ ಗೆಡ್ಡೆ ತುಂಬಿ ದೊಡ್ಡ ಕರ್ಜಿಕಾಯಿಯ ಹಾಗೆ ಮಡಚಿ ಬೇಯಿಸಿದ್ದು. ಯಾರದು ಯಾವುದು ಎಂದು ತಿಳಿಯಲು ಒಂದು ಮೂಲೆಯಲ್ಲಿ ಹಿಟ್ಟಿನಿಂದಲೇ ಹೆಸರಿನ ಮೊದಲಕ್ಷರ ಅಂಟಿಸುವುದು ಅವರ ಹಿರಿಯರ ಕಾಲದ ಪದ್ಧತಿ. ಅಕ್ಷರವಿಲ್ಲದ ತುದಿಯಿಂದ ತಿನ್ನುತ್ತ ಬಂದರೆ ಕೊನೆಯ ತುತ್ತಿನವರೆಗೂ ಅದು ನಿಮ್ಮದೇ. ಲಿಂಡ್ಸೆ ಚಿಕ್ಕವನಾಗಿದ್ದಾಗಿನಿಂದ ಆ ಮನೆಯ ತಟ್ಟೆಯಲ್ಲಿ ರೆಕ್ಸ್‌ನ ಆರ್ ಪಕ್ಕದಲ್ಲಿ ಒಂದು ಎಲ್ ಇರುತ್ತಿತ್ತು. ರೆಕ್ಸ್ ಯುದ್ಧಕ್ಕೆ ಹೋದ ಮೇಲೂ ಎಲ್ ನಿಲ್ಲಲಿಲ್ಲ, ಅಂಗಡಿಗೇ ಬರತೊಡಗಿತು. ಬಟ್ಟೆ ಸುತ್ತಿದ, ಬಿಸಿ ಬಿಸಿ ಎಲ್. ಲಿಂಡ್ಸೆ ಅದನ್ನು ಬಂದರುಕಟ್ಟೆಗೆ ಒಯ್ದು ಕಡಲಹಕ್ಕಿಗಳಿಗೆ ಹಾಕುತ್ತಿದ್ದ. ಊರಿನ ಹಕ್ಕಿಗಳೆಲ್ಲ ಅವನ ಹೆಸರು ತಿಂದು ಕೊಬ್ಬಿದ್ದವು.

ಈಗ ಹೂಚಕ್ರ ಇಡುವ ಸರದಿ. ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಒಂದೊಂದೇ ಹೆಸರು ಕರೆಯುತ್ತಿದ್ದ. ಶೂಗಳು ಬಂದವು, ಮೆಟ್ಟಿಲು ಹತ್ತಿದವು, ನಿಂತವು, ಇಳಿದವು. ಆಮೇಲೆ ಕಾರ್ಯದರ್ಶಿ, ಹೇಳಲೋ ಬೇಡವೋ ಎಂಬಂತೆ ಕೆಮ್ಮಿ, ಈಚೆಗೆ ಮರಳಿ ಬಂದವರ ಪರವಾಗಿ ರೆಕ್ಸ್ ಟ್ರೆವಿನ್ ಎಂದ. ಹಳಬರಿಗೆ ವಿಯೆಟ್ನಾಂ ಯುದ್ಧವನ್ನು ಯುದ್ಧವೆಂದು ಒಪ್ಪಲು ಇನ್ನೂ ಮನಸ್ಸಿರಲಿಲ್ಲ. ಅವರ ಪ್ರಕಾರ ಯುದ್ಧಗಳ ಗುಣಮಟ್ಟ ಇಳಿದುಹೋಗಿತ್ತು. ಜಲ್ಲಿಯ ಮೇಲೆ ಕೋಲಿನ ಸದ್ದು. ಲಿಂಡ್ಸೆಯ ತಗ್ಗಿದ ಕಣ್ಣಿನೊಳಗೆ ಒಂದು ಶೂ ನಡೆದು ಬಂತು. ಮೊಂಡು ಮೂತಿಯ, ದಪ್ಪ ಅಟ್ಟೆಯ, ಪಟ್ಟಣದ ಆಸ್ಪತ್ರೆಯಲ್ಲಿ ಹೊಲಿದು ಕೊಟ್ಟ ಎಡಗಾಲಿನ ಬೂಟು. ಊರಿನಲ್ಲಿ ಅವನಿಗೆ ಗೊತ್ತಿಲ್ಲದ ಶೂ ಅದೊಂದೇ. ನೋಡಬಾರದೆಂದುಕೊಂಡರೂ ಕಣ್ಣು ಹೊಲಿಗೆಯನ್ನು ಪರೀಕ್ಷಿಸಿತು, ಕೆಲಸ ಚೆನ್ನಾಗಿತ್ತು. ಪಕ್ಕದಲ್ಲಿ ಬಲಗಾಲಿನ ಹಳೇ ಶೂ. ಅದನ್ನು ಅವನೇ ಮಾರಿದ್ದ. ಅದರ ಲೇಸು ಬಿಚ್ಚಿಕೊಂಡಿತ್ತು.

ಒಂದು ತುದಿ ಎಡಗಾಲಿನ ಬೂಟಿನ ದಾರಿಯಲ್ಲೇ ಎಳೆದುಕೊಂಡು ಬರುತ್ತಿತ್ತು. ಮುಂದೆ ಮೆಟ್ಟಿಲುಗಳಿದ್ದವು. ರೆಕ್ಸ್‌ನ ಒಂದು ಕೈಯಲ್ಲಿ ಹೂಚಕ್ರ, ಇನ್ನೊಂದರಲ್ಲಿ ಕೋಲು. ಆ ಬೂಟು ಆ ಲೇಸಿನ ಮೇಲೆ ಬಿದ್ದರೆ ಆಯಿತು. ಊರೆಲ್ಲ ನೋಡುತ್ತಿದೆ, ಯಾರಿಗೂ ಕಾಣುತ್ತಿಲ್ಲ, ಯಾಕೆಂದರೆ ಎಲ್ಲರೂ ಮುಖ ನೋಡುತ್ತಿದ್ದಾರೆ. ಪಾದ ನೋಡುತ್ತಿರುವವನು ತಾನೊಬ್ಬನೇ, ತಾನು ಅಲುಗಾಡುವಂತಿಲ್ಲ. ನಿಯಮ ನಿಯಮವೇ. ಪಿಸುಗುಟ್ಟಿದರೆ ಸಾಕೆ? ಪೆಂಗಲಿಗೆ ಕೇಳಿಸಿದರೆ? ರೆಕ್ಸ್ ಬಿದ್ದ ಮೇಲೆ ಎತ್ತಬಹುದು, ಬಿದ್ದವನನ್ನು ಎತ್ತಲು ಯಾರ ಆಕ್ಷೇಪಣೆಯೂ ಇರುವುದಿಲ್ಲ. ಈ ಲೆಕ್ಕಾಚಾರದ ದನಿ ಅವನಿಗೆ ಗುರುತು ಸಿಕ್ಕಿತು. ಏಡಿಯ ತೊಟ್ಟಿ ನೋಡುತ್ತ ನಿಂತಾಗ ಒಳಗೆ ಮಾತಾಡಿದ್ದು ಇದೇ ದನಿ. ಅಷ್ಟು ಹೊಳೆಯಿತು, ಅಷ್ಟರಲ್ಲಿ ಅಂಗಡಿಯ ಅಭ್ಯಾಸದ ಮೊಣಕಾಲು ತಾನಾಗಿ ಮಡಚಿಕೊಂಡಿತ್ತು. ಬಂದೂಕನ್ನು ಕಲ್ಲಿನ ಮೇಲೆ ಮಲಗಿಸಿದ. ಅದು ಠಣ್ ಎಂದಿತು. ಜನರ ನಡುವೆ ಯಾವುದೋ ಮಗು ಅಳುವುದನ್ನು ನಿಲ್ಲಿಸಿತು. ಲಿಂಡ್ಸೆ ರೆಕ್ಸ್‌ನ ಮುಂದೆ ಮಂಡಿಯೂರಿ, ಲೇಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಆಯ ತಪ್ಪದಿರಲು ರೆಕ್ಸ್ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಗಿರಾಕಿಗಳು ಮಾಡುವ ಹಾಗೆಯೇ, ಅವನ ಟೋಪಿಯ ಮೇಲೆ ಕೈ ಊರಿದ.

"ಆವತ್ತು ನಾನು ನಿಂಗೆ ಹೇಳ್ಬೇಕಿತ್ತು" ಎಂದ ಲಿಂಡ್ಸೆ, ಲೇಸಿಗೆ.

"ಎರಡು ಗಂಟು ಹಾಕು" ಎಂದ ರೆಕ್ಸ್.

ಎರಡು ಗಂಟು ಹಾಕಿದ. ಎದ್ದು, ಬಂದೂಕು ಎತ್ತಿಕೊಂಡು, ಮತ್ತೆ ತಲೆ ತಗ್ಗಿಸಿದ. ಮೆಟ್ಟಿಲ ಮೇಲೆ ಬೂಟು, ಕೋಲು, ಬೂಟು. ತುತ್ತೂರಿ ಊದಿದರು, ಮೌನ ಆಚರಿಸಿದರು. ಮೌನದಲ್ಲಿ ಲಿಂಡ್ಸೆ ತನಗಾಗುವ ಶಿಕ್ಷೆಯನ್ನು ಯೋಚಿಸಿದ, ಹೆಚ್ಚುಕಡಿಮೆ ಸಂತೋಷದಿಂದ. ಕೊನೆಗೂ ಯಾರಾದರೂ ಬೈಯುತ್ತಾರೆ.

ಯಾರೂ ಬೈಯಲಿಲ್ಲ. ಸಭಾಂಗಣದ ಚಹಾದ ಹೊತ್ತಿಗೆ ಊರು ಅದನ್ನು ಕಾರ್ಯಕ್ರಮದ ಭಾಗವೆಂದೇ ತಿಳಿದಿತ್ತು. ಇಂದಿನ ಸಿಪಾಯಿ ನಿನ್ನೆಯ ಸಿಪಾಯಿಯ ಪಾದಕ್ಕೆ ಬಾಗಿದ ದೃಶ್ಯ ಎಂಥ ಅರ್ಥಪೂರ್ಣ ಎಂದು ಪಾದ್ರಿ ಕಣ್ಣಲ್ಲಿ ನೀರು ತಂದುಕೊಂಡ. ಬ್ಯಾಂಕ್ ಮ್ಯಾನೇಜರನ ಹೆಂಡತಿ ಲಿಂಡ್ಸೆಯ ಕೈ ಹಿಡಿದು ಕುಲುಕಿದಳು. ಪತ್ರಿಕೆಯವನು ಫೋಟೋ ತೆಗೆದಿದ್ದನಂತೆ. ಬೈಯಲೆಂದೇ ದಾಪುಗಾಲು ಹಾಕಿ ಬಂದ ಪೆಂಗಲಿಯನ್ನು ದಾರಿಯಲ್ಲೇ ತಡೆದು ಯಾರೋ ಇದು ನಿಮ್ಮದೇ ಯೋಚನೆಯಿರಬೇಕು ಎಂದರು; ಆತ ಒಂದು ಕ್ಷಣ ತಡವರಿಸಿ, ವಿನಯದಿಂದ ಒಪ್ಪಿಕೊಂಡ. ಹೆಡ್ಲಿ ಚಿಕ್ಕಪ್ಪ ಮಾತ್ರ ಹತ್ತಿರ ಬಂದು, ಅವನ ಮುಖವನ್ನು ನೋಡಿ, ಒಂದು ಲೋಟ ಚಹಾ ಕೊಟ್ಟು ಹೋದ. ಲಿಂಡ್ಸೆಗೆ ಅಳು ಬಂತು. ತಪ್ಪೊಪ್ಪಿಕೊಳ್ಳಲು ಹೋದರೂ ಚಪ್ಪಾಳೆ ಹೊಡೆಯುವ ಈ ಜನರಿಂದ ಬಿಡುಗಡೆಯೇ ಇಲ್ಲವೆನ್ನಿಸಿ ಹಿಂದಿನ ಬಾಗಿಲಿನಿಂದ ಹೊರಗೆ ಬಂದ.

ಹಿತ್ತಲ ಮೆಟ್ಟಿಲ ಮೇಲೆ ರೆಕ್ಸ್ ಕೂತಿದ್ದ. ತೊಡೆಯ ಮೇಲೆ ಬಟ್ಟೆ ಹಾಸಿ ಎರಡು ಪ್ಯಾಸ್ಟಿ ಇಟ್ಟುಕೊಂಡಿದ್ದ. ಒಂದನ್ನು ಆಗಲೇ ಅರ್ಧ ತಿಂದಿದ್ದ.

"ಕೂತ್ಕೋ. ಉಗ್ರಾಣ ಇಲ್ಲಿ ಇಲ್ಲ" ಎಂದ.

ಲಿಂಡ್ಸೆ ಕೂತ. ಎಲ್ ಅವನ ಕೈಗೆ ಬಂತು, ಇನ್ನೂ ಬೆಚ್ಚಗಿತ್ತು. ಹಕ್ಕಿಗಳು ಯಾವುವೂ ಹತ್ತಿರ ಇರಲಿಲ್ಲ. ತುದಿ ಕಚ್ಚಿದ. ಮೆಣಸಿನ ಖಾರ. ಅದರ ರುಚಿ ಮರೆತೇ ಹೋಗಿತ್ತು. ತಿನ್ನುತ್ತಲೇ ಹೇಳಲು ಶುರು ಮಾಡಿದ: ಚಿಕ್ಕಪ್ಪನ ಉಪಾಯ, ನಿನಗೂ ಹೇಳು ಎಂದದ್ದು, ಏಡಿ ಹಿಡಿದ ದಿನ. ರೆಕ್ಸ್ ತುಟಿಯ ಚೂರು ಒರೆಸಿಕೊಂಡು ಕೈ ಅಡ್ಡ ಹಿಡಿದ.

"ಗೊತ್ತು. ನಾವು ಏಡಿ ಹಿಡಿಯೋಕ್ಕೆ ಮುಂಚೆನೇ ನಿಮ್ಮ ಚಿಕ್ಕಪ್ಪ ನಮ್ಮನೆಗೆ ಬಂದು ಹೇಳಿದ್ರು. ನೀನು ಹೇಳ್ತೀಯ ಅಂತ ಅವರಿಗೂ ನಂಬ್ಕೆ ಇರ್ಲಿಲ್ಲ."

ಲಿಂಡ್ಸೆ ಅಗಿಯುವುದನ್ನು ನಿಲ್ಲಿಸಿದ. "ಮತ್ತೆ ಯಾಕೆ ಸೇರಲಿಲ್ಲ?"

"ನೀನು ಕರೀಲಿ ಅಂತಿದ್ದೆ. ಗೇವಿನ್ ಮಾತು ಸುಮ್ನೆ ತೆಗೆದ್ನಾ? ನಿಂಗೆ ದಾರಿ ಮಾಡ್ಕೊಟ್ಟೆ ಕಣೋ. ನೀನು ತೊಟ್ಟಿ ನೋಡ್ತಾ ನಿಂತೆ. ಇವನಿಗೆ ನಾನು ಬೇಡ ಅಂದ್ಮೇಲೆ ನಂಗೂ ಇವನ ಕವಾಯತು ಬೇಡ ಅನ್ನಿಸ್ತು. ಇಪ್ಪತ್ತರ ಕೊಬ್ಬು."

"ಕರೆದಿದ್ರೆ ಬರ್ತಿದ್ಯಾ?"

"ಬರ್ತಿದ್ದೆ. ಇಬ್ರೂ ಮಂಗಳವಾರ ಮಂಗಳವಾರ ಪೆಂಗಲಿ ಹತ್ರ ಬೈಸ್ಕೊಂಡಿರ್ತಿದ್ವಿ." ಎಡಗಾಲಿನ ಬೂಟನ್ನು ಮುಂದಕ್ಕೆ ಚಾಚಿದ. "ನನ್ನ ಜಾಗಕ್ಕೆ ಇನ್ಯಾವನೋ ಹೋಗ್ತಿದ್ದ. ಅವನ ಹೆಸರು ನಮ್ಮಿಬ್ರಿಗೂ ಗೊತ್ತಾಗ್ತಿರ್ಲಿಲ್ಲ. ಆಗ ನೀನು ಚೆನ್ನಾಗಿ ನಿದ್ದೆ ಮಾಡ್ತಿದ್ದೆ."

ಲಿಂಡ್ಸೆ ಇನ್ನೊಂದು ತುತ್ತು ಕಚ್ಚಿದ. ಒಳಗೆ ಯಾರೋ ಪಿಯಾನೋ ಬಾರಿಸಲು ಶುರು ಮಾಡಿದರು, ತಪ್ಪು ಸ್ವರ ಬಂತು, ಜನ ನಕ್ಕರು. ನಾಲ್ಕು ವರ್ಷದಿಂದ ಅವನು ಈ ಮಾತಿಗಾಗಿ ಕಾದಿದ್ದ, ಬೈಗುಳವೋ ಕ್ಷಮೆಯೋ ಎರಡರಲ್ಲಿ ಒಂದು ಸಿಗುತ್ತದೆಂದು ನಂಬಿದ್ದ. ಸಿಕ್ಕಿದ್ದು ಎರಡೂ ಅಲ್ಲ. ಕೊನೆಗೆ ಕೈಯಲ್ಲಿ ಎಲ್ ಇದ್ದ ಮೂಲೆಯಷ್ಟೇ ಉಳಿಯಿತು. ಚಿಕ್ಕಂದಿನಲ್ಲಿ ಆ ಮೂಲೆಯನ್ನು ಅವನು ಎಂದೂ ತಿಂದವನಲ್ಲ. ಸರಿಯಾಗಿ ಅಷ್ಟೇ ಉಳಿದಾಗ ರೆಕ್ಸ್ ಕೈಯಿಂದ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡು ಓಡುತ್ತಿದ್ದ, ಪ್ರತಿ ಶನಿವಾರ. ಲಿಂಡ್ಸೆ ಅದನ್ನು ಅಂಗೈಯಲ್ಲಿಟ್ಟು ಅವನ ಕಡೆ ಚಾಚಿದ.

ರೆಕ್ಸ್ ಅದನ್ನು ನೋಡಿದ. ಇವನನ್ನೂ ನೋಡಿದ. ಕಣ್ಣಿನ ಮೂಲೆಯಲ್ಲಿ ಆ ಹಳೇ ತುಂಟತನ ಇತ್ತು, ಕೈ ಮಾತ್ರ ಏಳಲಿಲ್ಲ.

"ಬೇಡಪ್ಪ. ಅದ್ರಲ್ಲಿ ನಿನ್ನ ಹೆಸರಿದೆ. ನೀನೇ ತಿನ್ನು."

ಲಿಂಡ್ಸೆ ಅದನ್ನು ಬಾಯಿಗೆ ಹಾಕಿಕೊಂಡ. ಅಂಚು ಸೀದಿತ್ತು, ಒಣಗಿತ್ತು, ಇಳಿಯಲು ಹೊತ್ತು ಹಿಡಿಯಿತು. ಅವನು ಪೂರ್ತಿ ನುಂಗುವ ತನಕ ರೆಕ್ಸ್ ಕಾದ. ಆಮೇಲೆ ಬಟ್ಟೆ ಕೊಡವಿ ಮಡಚಿ, ಎಬ್ಬಿಸು ಎಂದು ಕೈ ಚಾಚಿದ.